ಎಕ್ಮೋ ಮೇಲಿರುವ ಹಸುಗೂಸು: ಮೊದಲು ಕುತ್ತಿಗೆ ನೋಡಿ, ಆಮೇಲೆ ಪಂಪ್

ಭಾನುವಾರ ಮುಂಬೈಯ ಮಾಟುಂಗಾದಲ್ಲಿ ನಾವು ನಾಲ್ಕೈದು ಕನ್ನಡದ ನರ್ಸ್‌ಗಳು ಕೂತು ಓದಿದ್ದು ಇದು. ನಮ್ಮ ಮಾತಲ್ಲಿ ಒಮ್ಮೆ ಹೇಳಿಕೊಂಡರೆ ರಾತ್ರಿ ಪಾಳಿಯಲ್ಲಿ ಬೇಗ ನೆನಪಾಗುತ್ತದೆ.

ಎಕ್ಮೋ ಅಂದರೆ ಮಗುವಿನ ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಪಂಪ್‌ನಿಂದ ವಾಪಸ್ ಕಳಿಸುವ ಯಂತ್ರ. ಅದಕ್ಕಾಗಿ ಹಸುಗೂಸಿಗೆ ಕ್ಯಾನ್ಯುಲಾ (ರಕ್ತನಾಳದೊಳಗೆ ಇಡುವ ಕೊಳವೆ) ಹಾಕುವುದು ಸಾಮಾನ್ಯವಾಗಿ ಕುತ್ತಿಗೆಯ ಬಲಗಡೆ. ಹೃದಯಕ್ಕೂ ಆಸರೆ ಬೇಕಿದ್ದರೆ ಎರಡು. ಕುತ್ತಿಗೆಯ ಜುಗುಲರ್ ಸಿರೆಯಲ್ಲಿ ಹೋಗಿ ರಕ್ತ ಎಳೆಯುವುದರ ತುದಿ ಬಲ ಏಟ್ರಿಯಂನಲ್ಲಿ, ಅಂದರೆ ಹೃದಯದ ಮೇಲಿನ ಬಲ ಕೋಣೆಯಲ್ಲಿ ಇರಬೇಕು. ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಯಲ್ಲಿ ಹೋಗಿ ರಕ್ತ ವಾಪಸ್ ಕೊಡುವುದು ಅಯೋರ್ಟಾದ (ಹೃದಯದಿಂದ ಹೊರಡುವ ಮಹಾಪಧಮನಿಯ) ಕಮಾನಿನ ಹತ್ತಿರ ನಿಲ್ಲಬೇಕು. ಮೂರು ಕೆಜಿ ಮಗುವಿನಲ್ಲಿ ಅರ್ಧ ಸೆಂಟಿಮೀಟರ್ ಕೂಡ ಬಹಳ ದೂರ, ಅಲ್ವಾ?

ಮೊದಲ ದಿನದ ಎಕ್ಸ್‌ರೇ ಸರಿಯಿತ್ತು ಅಂತ ಸುಮ್ಮನಿರಬಾರದು. ತಲೆ ತಿರುಗಿಸಿದರೆ, ಕುತ್ತಿಗೆಯ ಊತ ಏರಿಳಿದರೆ, ಮುದುಡಿದ್ದ ಶ್ವಾಸಕೋಶ ಅರಳಿದರೆ, ಹೊಲಿಗೆ ಬಿಡದಿದ್ದರೂ ತುದಿ ಜಾಗ ಬಿಡುತ್ತದೆ.

ತುದಿ ಜಾಗ ಬಿಟ್ಟದ್ದರ ಸುಳಿವು ಕೊಡುವುದು ಪೈಪ್. ರಕ್ತ ಎಳೆಯುವ ಲೈನ್ ನಡುಗುತ್ತದೆ, ಫ್ಲೋ (ರಕ್ತದ ಹರಿವು) ಇಳಿಯುತ್ತದೆ. ಕಲಿಯುವಾಗ ನನ್ನ ಕೈಯೂ ಮೊದಲು ಪಂಪ್ ಕಡೆಗೇ ಹೋಗಿತ್ತು. ಅದು ತಪ್ಪು. ವೇಗ ಹೆಚ್ಚಿಸಿದರೆ ಎಳೆತ ಜಾಸ್ತಿಯಾಗಿ ರಕ್ತನಾಳದ ಗೋಡೆಯೇ ಕ್ಯಾನ್ಯುಲಾದ ತೂತಿಗೆ ಅಂಟಿಕೊಳ್ಳುತ್ತದೆ, ರಕ್ತಕಣಗಳೂ ಒಡೆಯುತ್ತವೆ. ವೇಗವನ್ನು ಸ್ವಲ್ಪ ಇಳಿಸಿ. ಪೈಪ್ ಮಡಚಿದೆಯಾ, ಕುತ್ತಿಗೆ ಹೊರಳಿದೆಯಾ, ಚರ್ಮದ ಹತ್ತಿರದ ಗುರುತು ಸರಿದಿದೆಯಾ ನೋಡಿ. ಎಲ್ಲ ಸರಿಯಿದ್ದರೆ ಮಗುವಿಗೆ ರಕ್ತ ಕಡಿಮೆಯಾಗಿರಬಹುದು. ಎದೆಯಲ್ಲಿ ಗಾಳಿ ಅಥವಾ ಹೃದಯದ ಸುತ್ತ ರಕ್ತ ತುಂಬಿರಲೂಬಹುದು. ಇದನ್ನು ತಡಮಾಡದೆ ಹುಡುಕಬೇಕು.

ಎಕ್ಸ್‌ರೇ ಒಂದನ್ನೇ ನಂಬಬೇಡಿ. ಕೆಲವು ಕ್ಯಾನ್ಯುಲಾಗಳ ತುದಿ ಅದರಲ್ಲಿ ಕಾಣುವುದಿಲ್ಲ, ಬರೀ ಒಂದು ಚುಕ್ಕೆ ಕಾಣುತ್ತದೆ. ತುದಿ ಯಕೃತ್ತಿನ ರಕ್ತನಾಳಕ್ಕೆ ಇಳಿದಿದೆಯೋ, ಏಟ್ರಿಯಂಗಳ ನಡುವಿನ ಗೋಡೆಗೆ ಒತ್ತುತ್ತಿದೆಯೋ ಅಂತ ತಿಳಿಯಲು ಎಕೋ (ಹೃದಯದ ಅಲ್ಟ್ರಾಸೌಂಡ್) ಬೇಕು. ಸರಿಪಡಿಸುವುದು ಸರ್ಜನ್ ಕೆಲಸ, ಅದೂ ಎಕೋ ನೋಡುತ್ತಲೇ. ನಾವು ತಳ್ಳಿ ಎಳೆದು ನೋಡುವಂತಿಲ್ಲ.

ಶ್ವಾಸಕೋಶಕ್ಕೆ ಮಾತ್ರ ಆಸರೆ ಕೊಡುವ ಎರಡು ದಾರಿಯ ಕ್ಯಾನ್ಯುಲಾದಲ್ಲಿ (ಒಂದೇ ಕೊಳವೆ, ಒಂದು ದಾರಿ ರಕ್ತ ಎಳೆಯಲು, ಇನ್ನೊಂದು ವಾಪಸ್ ಕೊಡಲು) ಇನ್ನೊಂದು ತೊಂದರೆ ಇದೆ. ಆಮ್ಲಜನಕ ತುಂಬಿದ ರಕ್ತ ಟ್ರೈಕಸ್ಪಿಡ್ ಕವಾಟದ (ಹೃದಯದ ಬಲಗಡೆಯ ಎರಡು ಕೋಣೆಗಳ ನಡುವಿನ ಬಾಗಿಲಿನ) ಕಡೆ ಚಿಮ್ಮಬೇಕು. ಕ್ಯಾನ್ಯುಲಾ ತಿರುಗಿದರೆ ಅದೇ ರಕ್ತ ಮತ್ತೆ ಯಂತ್ರಕ್ಕೆ ವಾಪಸ್ ಹೋಗುತ್ತದೆ. ಮಗುವಿನಿಂದ ಬರುವ ಪೈಪಿನಲ್ಲಿ ರಕ್ತ ಕೆಂಪಗಾಗುತ್ತಿದೆ, ಮಗುವಿನ ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಮಟ್ಟ) ಮಾತ್ರ ಇಳಿಯುತ್ತಿದೆ ಅಂದರೆ ಇದೇ ಅನುಮಾನ ಬರಬೇಕು.

ಕ್ಯಾನ್ಯುಲಾ ಪೂರ್ತಿ ಕಿತ್ತು ಬಂದರೆ ಯೋಚಿಸಲು ಸಮಯವಿಲ್ಲ. ಲೈನ್‌ಗಳಿಗೆ ಕ್ಲಾಂಪ್ (ಪೈಪ್ ಬಿಗಿದು ಮುಚ್ಚುವ ಚಿಮುಟ), ಕುತ್ತಿಗೆ ಮೇಲೆ ಗಟ್ಟಿ ಒತ್ತು, ವೆಂಟಿಲೇಟರ್ ಪೂರ್ತಿ ಆಸರೆಗೆ, ಸರ್ಜನ್‌ಗೆ ಕರೆ, ರಕ್ತ ಸಿದ್ಧ. ಇದೆಲ್ಲ ನಾಲ್ಕು ಕೈಗಳಿಂದ ಒಟ್ಟಿಗೇ ಆಗಬೇಕು. ಅದಕ್ಕೇ ಪಾಳಿ ಶುರುವಾದಾಗಲೇ ಯಾರ ಕೈ ಎಲ್ಲಿ ಅಂತ ಮಾತಾಡಿಕೊಳ್ಳಿ. ಕ್ಲಾಂಪ್ ಹಾಸಿಗೆಗೇ ಸಿಕ್ಕಿಸಿರಲಿ.