ಜನಗಣತಿಯಲ್ಲಿ ‘ಮಾತೃಭಾಷೆ ಕನ್ನಡ’ ಎಂದರೆ ಮಹಾರಾಷ್ಟ್ರಕ್ಕೆ ಎರಡು ಬಗೆದಂತೆಯೇ?

ಪ್ರಶ್ನೆ: ಮೂರು ತಲೆಮಾರಿನಿಂದ ಡೊಂಬಿವಲಿಯಲ್ಲಿದ್ದೇವೆ. ಜನಗಣತಿಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸಿದರೆ ಅನ್ನ ಕೊಟ್ಟ ನೆಲಕ್ಕೆ ದ್ರೋಹವಾಗುವುದಿಲ್ಲವೇ?

ಉತ್ತರ: ಇಲ್ಲ. ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಯಾವ ಭಾಷೆ ಆಡಿದರು ಎಂದಷ್ಟೇ ಆ ಕಾಲಂ ಕೇಳುತ್ತದೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ, ಆಗ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಭಾಷೆ. ನಿಷ್ಠೆಯ ಮಾತು ಅಲ್ಲಿ ಬರುವುದೇ ಇಲ್ಲ.

ಆದರೂ ಅಳುಕಾಗುತ್ತದೆ, ಏಕೆಂದರೆ ನಾಡು ಎಂದರೆ ಒಂದೇ ಭಾಷೆ ಎಂಬ ಎಣಿಕೆ ನಮ್ಮಲ್ಲಿ ಆಳವಾಗಿದೆ. 1882ರಲ್ಲಿ ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ ಮಾತಾಡಿದ ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡ್, ಅಮೆರಿಕಗಳ ಭಾಷೆ ಒಂದೇ, ರಾಷ್ಟ್ರ ಎರಡು. ಸ್ವಿಟ್ಜರ್ಲೆಂಡಿನಲ್ಲಿ ಭಾಷೆ ಮೂರು-ನಾಲ್ಕು, ರಾಷ್ಟ್ರ ಒಂದು. ಕೂಡಿ ಬಾಳುವ ಇಚ್ಛೆಯನ್ನು ಜನ ದಿನದಿನವೂ ಹೊಸದಾಗಿ ಒಪ್ಪಿಕೊಳ್ಳುವುದರಿಂದಲೇ ರಾಷ್ಟ್ರ ಉಳಿಯುತ್ತದೆ ಎಂಬುದು ಅವರ ವಾದ.

ಇದಕ್ಕೆ ಪಕ್ಕದ ಗೋವಾವನ್ನೇ ನೋಡಿ. ಕೊಂಕಣಿ ಮರಾಠಿಯ ಉಪಭಾಷೆ, ಆದ್ದರಿಂದ ಗೋವಾ ಮಹಾರಾಷ್ಟ್ರಕ್ಕೆ ಸೇರಲಿ ಎಂಬ ವಾದವಿತ್ತು. 1967ರ ಜನವರಿ 16ರಂದು ಅಲ್ಲಿನ ಜನರನ್ನೇ ಕೇಳಲಾಯಿತು: ವಿಲೀನಕ್ಕೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಲು ಎರಡೆಲೆ. ಎರಡೆಲೆ ಸುಮಾರು 34 ಸಾವಿರ ಮತಗಳಿಂದ ಗೆದ್ದಿತು. ಹಾಗೆಂದು ಗೋವೆಯವರು ಮರಾಠಿ ಓದುವುದನ್ನು ಬಿಡಲಿಲ್ಲ.

ನೆಲದ ಋಣವೂ ನಿಜವೇ. ಬಾಳುವ ಊರಿನ ಭಾಷೆ ಕಲಿಯದಿರುವುದು ನೆರೆಯವರಿಗೆ ಮಾಡುವ ಅಗೌರವ ಎಂದೇ ನಮ್ಮ ಭಾವನೆ. ಆ ಋಣಕ್ಕೂ ಪಟ್ಟಿಯಲ್ಲಿ ಜಾಗವಿದೆ: ಮಾತೃಭಾಷೆಯಲ್ಲದೆ ಗೊತ್ತಿರುವ ಇನ್ನೆರಡು ಭಾಷೆಗಳನ್ನು ಬರೆಸಬಹುದು. ಮರಾಠಿ ಬರುತ್ತಿದ್ದರೆ ಅಲ್ಲಿ ತಪ್ಪದೆ ಹೇಳಿ. ಸಾಮಾನ್ಯವಾಗಿ ಹಿಂದಿ, ಇಂಗ್ಲಿಷ್ ಎಂದು ಎರಡೂ ಜಾಗ ತುಂಬಿಸಿಬಿಡುತ್ತೇವೆ, ದಿನವೂ ಆಡುವ ಮರಾಠಿ ಬಿಟ್ಟುಹೋಗುತ್ತದೆ.

ಇದೇ ನ್ಯಾಯ ಕನ್ನಡದ ಅಭಿಮಾನಕ್ಕೂ ಸಲ್ಲಬೇಕು. ಮುಂಬೈಯ ಕನ್ನಡ ಸಂಘಗಳಲ್ಲಿ ದುಡಿಯುವ ಎಷ್ಟೋ ಮಂದಿಯ ಮನೆಮಾತು ತುಳು. ಕನ್ನಡದ ಸಂಖ್ಯೆ ಹೆಚ್ಚಲಿ ಎಂದು ಅವರಿಂದ ಕನ್ನಡ ಎಂದು ಬರೆಸುವುದು ತಪ್ಪು. ಗಣತಿದಾರರು ನೀವು ಹೇಳಿದ ಹೆಸರನ್ನೇ ಬರೆದುಕೊಳ್ಳಬೇಕು. ಅದು ಭಾಷೆಯೋ ಉಪಭಾಷೆಯೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ.

ಇನ್ನೊಂದು ಎಡವಟ್ಟು: ಯಜಮಾನರ ಭಾಷೆಯನ್ನೇ ಮನೆಮಂದಿಗೆಲ್ಲ ಹಚ್ಚುವುದು. ಪ್ರತಿಯೊಬ್ಬರದನ್ನೂ ಬೇರೆಬೇರೆ ಹೇಳಿ. ಅಜ್ಜನದು ತುಳು, ಮಗನದು ಕನ್ನಡ, ಸೊಸೆ ಮರಾಠಿಯವಳಾಗಿ ಮಗುವಿನೊಡನೆ ಮರಾಠಿಯನ್ನೇ ಆಡುತ್ತಿದ್ದರೆ ಮೊಮ್ಮಗಳ ಮಾತೃಭಾಷೆ ಮರಾಠಿ. ಅಜ್ಜ ಬೇಸರಪಟ್ಟರೂ ಹಾಗೆಯೇ ಬರೆಸಿ.