ಸಾಧನ ಸೇರಿಸುವುದು ಸುಲಭ, ಕಳಚುವುದೇ ತಲೆನೋವು

ಪೆನ್ ಡ್ರೈವ್ ಚುಚ್ಚಿದರೆ ಟಿಣ್ ಅಂತ ಸದ್ದು ಬರುತ್ತದೆ, ಫೋಲ್ಡರ್ ತೆರೆದುಕೊಳ್ಳುತ್ತದೆ. ಇದರಲ್ಲೇನು ವಿಶೇಷ ಅನ್ನಿಸುತ್ತದೆ, ಅಲ್ವಾ?

ಹಳೇ ಮಾದರಿಯ ಯುಎಸ್‌ಬಿ ಪ್ಲಗ್ ಒಳಗೆ ಇಣುಕಿ ನೋಡಿ. ನಾಲ್ಕು ಲೋಹದ ಪಟ್ಟಿಗಳಲ್ಲಿ ಅಂಚಿನ ಎರಡು ಉದ್ದ, ನಡುವಿನ ಎರಡು ಗಿಡ್ಡ. ಅಂಚಿನವು ಕರೆಂಟಿಗೆ, ನಡುವಿನವು ಡೇಟಾಗೆ. ಹಾಗಾಗಿ ಒಳಹೋಗುವಾಗ ಮೊದಲು ಕರೆಂಟ್ ಸಿಗುತ್ತದೆ, ಆಮೇಲೆ ಮಾತುಕತೆ. ಎಳೆಯುವಾಗ ಉಲ್ಟಾ. ಸಾಧನ ತನ್ನ 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ಒಂದು ಡೇಟಾ ತಂತಿಯ ವೋಲ್ಟೇಜ್ ಏರಿಸುತ್ತದೆ, ಏನೋ ಬಂದಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಅದರಿಂದಲೇ. ಕೈ ಅಲ್ಲಾಡಿ ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತಿರಬಹುದು ಅಂತ ಕಂಪ್ಯೂಟರ್ ಕನಿಷ್ಠ 100 ಮಿಲಿಸೆಕೆಂಡ್ ಕಾಯುತ್ತದೆ. ಆಮೇಲೆ ರೀಸೆಟ್ ಮಾಡಿ, 1ರಿಂದ 127ರೊಳಗಿನ ಒಂದು ನಂಬರ್ ಕೊಟ್ಟು, ನಿನ್ನನ್ನು ಮಾಡಿದ ಕಂಪನಿ ಯಾವುದು, ನೀನು ಕೀಬೋರ್ಡೋ ಡಿಸ್ಕೋ ಅಂತ ವಿಚಾರಿಸಿ, ಸರಿಯಾದ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶ, ಹುಡುಕುತ್ತದೆ. ಇದು ಒಂದೇ ದಿನದಲ್ಲಿ ಸರಿಹೋಗಿದ್ದಲ್ಲ. 1998ರಲ್ಲಿ ಬಿಲ್ ಗೇಟ್ಸ್ ವೇದಿಕೆ ಮೇಲಿದ್ದಾಗಲೇ, ಸ್ಕ್ಯಾನರ್ ಚುಚ್ಚಿದ ಕೂಡಲೇ ವಿಂಡೋಸ್ 98 ಕುಸಿದುಬಿದ್ದು ನೀಲಿ ಪರದೆ ತೋರಿಸಿತ್ತು.

ಈಗ ಸೇರಿಸುವ ಕೆಲಸ ಹೆಚ್ಚುಕಡಿಮೆ ಬಗೆಹರಿದಿದೆ. ಕಳಚುವುದೇ ಬೇರೆ ಕಥೆ.

ಫೈಲ್ ಕಾಪಿ ಆಯಿತು ಅಂತ ಪರದೆ ಹೇಳುತ್ತದೆ. ಆದರೆ ಆ ಡೇಟಾದ ಒಂದು ಭಾಗ ಇನ್ನೂ ಮೆಮೊರಿಯಲ್ಲೇ ಕೂತಿರಬಹುದು, ಯಾಕೆಂದರೆ ಒಟ್ಟುಗೂಡಿಸಿ ಬರೆದರೆ ವೇಗ ಜಾಸ್ತಿ. ಲಿನಕ್ಸ್‌ನಲ್ಲಿ ಹೀಗೆ ಕಾಯುವ ಡೇಟಾಗೆ ಸಾಮಾನ್ಯವಾಗಿ ಇಟ್ಟಿರುವ ಗಡುವು 30 ಸೆಕೆಂಡ್. ಅಷ್ಟರಲ್ಲಿ ನೀವು ಕಿತ್ತರೆ ಫೈಲ್ ಅರ್ಧಂಬರ್ಧ. ಅದಕ್ಕೇ ‘ಸುರಕ್ಷಿತವಾಗಿ ತೆಗೆಯಿರಿ’ ಅನ್ನುವ ಬಟನ್ ಬಂತು. ಹಳೇ ಮ್ಯಾಕ್‌ನಲ್ಲಂತೂ ಡಿಸ್ಕ್ ಚಿತ್ರವನ್ನು ಕಸದ ಬುಟ್ಟಿಗೆ ಎಳೆಯಬೇಕಿತ್ತು. ಫೈಲ್ ಅಳಿಸುವುದೂ ಅದೇ ಬುಟ್ಟಿಯಲ್ಲಿ! ಹೊಸಬರಿಗೆ ಎದೆ ಢವಢವ. ಆಮೇಲೆ ಡಿಸ್ಕ್ ಎಳೆಯುವಾಗ ಬುಟ್ಟಿಯ ಚಿತ್ರವೇ ಬದಲಾಗುವ ಹಾಗೆ ಮಾಡಿದರು.

ಬಟನ್ ಒತ್ತಿದರೂ ಕೆಲವೊಮ್ಮೆ ‘ಸಾಧನ ಬಳಕೆಯಲ್ಲಿದೆ’ ಅನ್ನುವ ಉತ್ತರ ಬರುತ್ತದೆ. ಎಷ್ಟೋ ಸಲ ಯಾವ ಪ್ರೋಗ್ರಾಮ್ ಹಿಡಿದುಕೊಂಡಿದೆ ಅಂತ ಹೇಳುವುದೇ ಇಲ್ಲ. ಯಾವ ಫೈಲ್ ಯಾರ ಕೈಯಲ್ಲಿದೆ ಅನ್ನುವ ಲೆಕ್ಕವನ್ನು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಇಟ್ಟುಕೊಂಡಿರುತ್ತದೆ, ಆದರೂ ಸುಮ್ನೆ ನಮ್ಮನ್ನು ಸತಾಯಿಸುತ್ತದೆ. ನನ್ನ ಪ್ರಕಾರ ಇದು ಶುದ್ಧ ಸೋಮಾರಿತನ.

ಇನ್ನೊಂದು ವಿಷಯ. ಆಪರೇಟಿಂಗ್ ಸಿಸ್ಟಮ್‌ಗೆ ನಿಮ್ಮ ಕೈ ಹಿಡಿಯಲು ಆಗುವುದಿಲ್ಲ. ಅನುಮತಿ ಕೇಳುವ ವ್ಯವಸ್ಥೆ ಎಷ್ಟೇ ಚೆನ್ನಾಗಿರಲಿ, ಜನ ಕೀಳುತ್ತಾರೆ. ಹಾಗಾಗಿ ಹೇಳದೆ ಕೇಳದೆ ಕಿತ್ತುಹೋಗುವುದನ್ನೇ ಮಾಮೂಲಿ ಅಂತ ಇಟ್ಟುಕೊಂಡು ವಿನ್ಯಾಸ ಮಾಡಬೇಕು. 2018ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಇದೇ ದಾರಿ ಹಿಡಿಯಿತು: ಹೊರಗಿಂದ ಚುಚ್ಚುವ ಡಿಸ್ಕ್‌ಗಳಿಗೆ ವೇಗ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ ಅಂತ ಡೇಟಾವನ್ನು ಮೆಮೊರಿಯಲ್ಲಿ ಕಾಯಿಸದೆ ಬರೆಯುವ ‘ಕ್ವಿಕ್ ರಿಮೂವಲ್’ ಅನ್ನೇ ಮೊದಲ ಆಯ್ಕೆ ಮಾಡಿತು.

ಕರ್ನಲ್ ಒಳಗಿನ ಕೆಲಸ ಇನ್ನೂ ಸೂಕ್ಷ್ಮ. ಸಾಧನ ಹೋಗಿದೆ, ಆದರೆ ಒಂದು ಪ್ರೋಗ್ರಾಮ್ ಅದರ ಫೈಲನ್ನು ಇನ್ನೂ ಬಿಟ್ಟಿಲ್ಲ. ಸಾಧನದ ದಾಖಲೆಯನ್ನು ಮೆಮೊರಿಯಿಂದ ಆಗಲೇ ಅಳಿಸಿದರೆ ಇಡೀ ಸಿಸ್ಟಮ್ ಕುಸಿಯಬಹುದು. ಅದಕ್ಕೆ ಕೊನೆಯ ಪ್ರೋಗ್ರಾಮ್ ಕೈಬಿಡುವ ತನಕ ಖಾಲಿ ದಾಖಲೆಯನ್ನು ಉಳಿಸಿಕೊಂಡು, ಏನು ಕೇಳಿದರೂ ‘ಸಾಧನ ಇಲ್ಲ’ ಅನ್ನುವ ದೋಷ ಕೊಡುತ್ತಿರಬೇಕು. ಇದನ್ನು ಪರೀಕ್ಷಿಸುವುದೂ ಕಷ್ಟ. ಲಿನಕ್ಸ್‌ನಲ್ಲಿ ಪಿಸಿಐ ಸಾಧನಗಳಿಗೆ (ಕಂಪ್ಯೂಟರಿನ ಒಳಗೆ ಕೂರಿಸುವ ಕಾರ್ಡ್‌ಗಳಂಥವು) ‘ರಿಮೂವ್’ ಅನ್ನುವ ಫೈಲ್ ಇದೆ, ಅದಕ್ಕೆ 1 ಅಂತ ಬರೆದರೆ ಮುಟ್ಟದೆಯೇ ಸಾಧನ ಕಳಚಿಕೊಳ್ಳುತ್ತದೆ. ಆದರೆ ಅದು ಹೇಳಿ ಕಳಿಸುವ ಬೀಳ್ಕೊಡುಗೆ. ಬರೆಯುತ್ತಿರುವಾಗಲೇ ತಂತಿ ಕಿತ್ತು ನೋಡದ ಡ್ರೈವರನ್ನು ನಾನಂತೂ ನಂಬುವುದಿಲ್ಲ.