ಕುಗ್ಗಿದ ಸ್ವೆಟರೂ ಸೈನಿಕನ ಬೆರೆಟ್ಟೂ

ಎನ್‌ಸಿಸಿಗೆ ಸೇರಿದಾಗ ಕೊಟ್ಟ ಬೆರೆಟ್, ಅಂದರೆ ಅಂಚಿಲ್ಲದ ಚಪ್ಪಟೆ ಉಣ್ಣೆ ಟೋಪಿ, ನನ್ನ ತಲೆಯ ಮೇಲೆ ಸೆಟ್ ದೋಸೆ ಇಟ್ಟ ಹಾಗೆ ಕೂತಿತ್ತು. ಸೀನಿಯರ್ ಒಬ್ಬರು ನೋಡಿ ನಕ್ಕರು. "ಬಿಸಿನೀರಲ್ಲಿ ಅದ್ದಿ, ಹಿಂಡಿ, ಹಾಗೇ ತಲೆಗೆ ಹಾಕ್ಕೋ. ಬ್ಯಾಡ್ಜು ಎಡಗಣ್ಣಿನ ಮೇಲೆ ಬರ್ಲಿ, ಉಳಿದದ್ದನ್ನ ಬಲಕ್ಕೆ ಎಳಿ. ಒಣಗೋ ತನಕ ತೆಗೀಬೇಡ" ಅಂದರು. ಸಂಜೆಯೆಲ್ಲ ಕಿವಿಯ ಹಿಂದೆ ನೀರು ಇಳಿಸಿಕೊಂಡು ಕೂತಿದ್ದೆ. ಆಮೇಲೆ ದೋಸೆ ಮತ್ತೆ ಕಾಣಲಿಲ್ಲ.

ಎಷ್ಟೋ ವರ್ಷದ ನಂತರ ಅಮ್ಮನ ಉಣ್ಣೆ ಸ್ವೆಟರನ್ನು ವಾಷಿಂಗ್ ಮಷೀನಿಗೆ ಹಾಕಿ, ಬಿಸಿನೀರು ಬಿಟ್ಟು, ಗೊಂಬೆಗೆ ತೊಡಿಸುವ ಸೈಜಿಗೆ ಇಳಿಸಿದೆ. "ಉಣ್ಣೆ ಬಿಸಿಗೆ ಕುಗ್ಗುತ್ತೆ, ಅಷ್ಟೂ ಗೊತ್ತಿಲ್ವಾ?" ಅಂತ ಬೈಸಿಕೊಂಡೆ.

ಬೈದದ್ದು ಸರಿ, ಕಾರಣ ತಪ್ಪು. ಉಣ್ಣೆಯ ಎಳೆ ಗಿಡ್ಡವಾಗುವುದಿಲ್ಲ. ಅದು ನಡೆಯುತ್ತದೆ!

ನಂಬಿಕೆ ಬರದಿದ್ದರೆ ಉದ್ದನೆಯ ತಲೆಗೂದಲೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿರಿ. ಕೂದಲಿನ ಉದ್ದಕ್ಕೇ ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಕೂದಲು ಒಂದೇ ಕಡೆಗೆ ಸರಿಯುತ್ತದೆ, ಬುಡದ ಕಡೆಗೆ. ಕೂದಲ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದ್ದು, ತುದಿಯ ಕಡೆಗೆ ಬಾಯಿ ತೆರೆದಿವೆ. ಬುಡದಿಂದ ತುದಿಗೆ ಸವರಿದರೆ ನಯ, ತುದಿಯಿಂದ ಬುಡಕ್ಕೆ ಸವರಿದರೆ ಅಡ್ಡಿ. ಚಿಕ್ಕಂದಿನಲ್ಲಿ ಗೋಧಿ ತೆನೆಯನ್ನು ತೋಳಿನೊಳಗೆ ಕಾಂಡ ಮೇಲಾಗಿ ಸಿಕ್ಕಿಸಿಕೊಂಡು, ಕೈ ಆಡಿಸಿದಂತೆಲ್ಲ ಅದು ಕಂಕುಳಿನವರೆಗೆ ಹತ್ತುವುದನ್ನು ನೋಡಿದ್ದೀರಾ? ಅದೇ ಆಟ. ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಮುಂದಕ್ಕೆ ಮಾತ್ರ ಹೋಗುತ್ತಲ್ಲ, ಹಾಗೆ. ಒನ್‌ವೇ ರಸ್ತೆ.

ಕುರಿಯ ಉಣ್ಣೆಯಲ್ಲೂ ಈ ಹುರುಪೆಗಳಿವೆ, ಎಳೆ ಮಾತ್ರ ಇನ್ನೂ ಸಣ್ಣ. ಮೆರಿನೋ ತಳಿಯ ಕುರಿಯ ಉಣ್ಣೆಯ ಎಳೆ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗದ ಆಸುಪಾಸು. ಬಿಸಿನೀರಿಗೆ ಅದು ಉಬ್ಬಿ ಮೆತ್ತಗಾಗುತ್ತದೆ, ಸಾಬೂನು ಜಾರಿಕೆ ಕೊಡುತ್ತದೆ, ತಿಕ್ಕಿದಾಗ ಪ್ರತಿ ಎಳೆಯೂ ತನ್ನ ಬುಡದ ಕಡೆಗೆ ತೆವಳುತ್ತದೆ. ಪಕ್ಕದ ಎಳೆಗಳನ್ನು ಸುತ್ತಿ ಎಳೆದುಕೊಳ್ಳುತ್ತದೆ. ವಾಪಸ್ ಬರಲು ಹುರುಪೆ ಬಿಡುವುದಿಲ್ಲ. ಬಟ್ಟೆ ಕಿರಿದಾಗುತ್ತದೆ, ದಪ್ಪವಾಗುತ್ತದೆ. ಇದೇ ಫೆಲ್ಟ್. ಸಂತ ಕ್ಲೆಮೆಂಟ್ ಕಾಲು ನೋಯದಿರಲೆಂದು ಚಪ್ಪಲಿಯೊಳಗೆ ಉಣ್ಣೆ ತುರುಕಿ ನಡೆದನಂತೆ, ಬಿಚ್ಚಿ ನೋಡಿದರೆ ಬಟ್ಟೆಯಾಗಿತ್ತಂತೆ. ಕಥೆ ಕಟ್ಟಿದ್ದೇ ಇರಬಹುದು. ಆದರೆ ಬೆವರು, ಬಿಸಿ, ಒತ್ತಡ, ಉಜ್ಜಾಟ, ಎಲ್ಲ ಸರಿಯಾಗಿಯೇ ಸೇರಿವೆ!

ನನ್ನ ಎನ್‌ಸಿಸಿ ಸಂಜೆಯದು ಬೇರೆ ವಿಷಯ. ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಅಲ್ಲಿ ನೀರು ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನಿನೊಳಗಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ, ಒಣಗುವಾಗ ಅವು ಹೊಸ ಆಕಾರದಲ್ಲಿ ಕೂಡುತ್ತವೆ. ಒದ್ದೆ ತಲೆ ಬಾಚಿದರೆ ಕ್ರಾಪು ಕೂರುವ ಹಾಗೆ. ಮತ್ತೆ ನೆನೆಸಿ ಬದಲಾಯಿಸಬಹುದು. ಸ್ವೆಟರಿಗೆ ಆ ಭಾಗ್ಯವಿಲ್ಲ.

ಫ್ರಾನ್ಸ್-ಸ್ಪೇನ್ ಗಡಿಯ ಪಿರನೀಸ್ ಬೆಟ್ಟಗಳ ಕುರುಬರು ಫೆಲ್ಟನ್ನು ಟೋಪಿ ಮಾಡಿಕೊಂಡರು. ಅಲ್ಲಿನ ಬಾಸ್ಕ್ ಸೀಮೆಯಿಂದಾಗಿ ಬಾಸ್ಕ್ ಬೆರೆಟ್ ಅಂತ ಹೆಸರಾದರೂ ಅದರ ತವರು ಪಕ್ಕದ ಬೇಆರ್ನ್ ಸೀಮೆ. ಅಲ್ಲಿನ ಒಲೋರಾನ್ ಊರಿನಲ್ಲಿ 1840ರಿಂದ ಲೋಲೇರ್ ಕಂಪನಿ ಬೆರೆಟ್ ಮಾಡುತ್ತಿದೆ. ತಲೆಗಿಂತ ಬಹಳ ದೊಡ್ಡದಾಗಿ ಹೆಣೆದು, ಬೇಕೆಂದೇ ನೀರಲ್ಲಿ ಬಡಿದು ಕುಗ್ಗಿಸುತ್ತಾರೆ. ನೆತ್ತಿಯಲ್ಲಿ ಪುಟ್ಟ ಬಾಲವೊಂದು ನಿಂತಿರುತ್ತದೆ, ಹೆಸರು ಕಬಿಯು. ಉಣ್ಣೆ ತನ್ನ ತೂಕದ ಸುಮಾರು 30% ತೇವ ಕುಡಿದರೂ ಒದ್ದೆ ಅನ್ನಿಸುವುದಿಲ್ಲ. ಮಳೆಯಲ್ಲಿ ಕುರಿ ಕಾಯುವವರಿಗೆ ಇನ್ನೇನು ಬೇಕು? ನಮ್ಮ ಕಂಬಳಿ ಕೊಪ್ಪೆಗೂ ಅಂಚಿಲ್ಲ, ನೋಡಿ.

ಬ್ರಿಟಿಷ್ ಸೈನ್ಯಕ್ಕೆ ಬೆರೆಟ್ ಬಂದದ್ದು ಅಂಚಿಲ್ಲ ಅನ್ನುವ ಕಾರಣಕ್ಕೇ. ಟ್ಯಾಂಕಿನ ಕಿರಿದಾದ ಬಾಯಿಯಲ್ಲಿ ಹತ್ತಿ ಇಳಿಯುವಾಗ ಮುಂಚಾಚಿನ ಟೋಪಿ ತಗಲುತ್ತಿತ್ತು. ಬ್ರಿಟಿಷ್ ಟ್ಯಾಂಕ್ ಪಡೆಯ ಹ್ಯೂ ಎಲೆಸ್ 1918ರಲ್ಲಿ ಫ್ರಾನ್ಸಿನ ಬೆಟ್ಟಸೈನಿಕರ ಬೆರೆಟ್ ನೋಡಿ ಮೆಚ್ಚಿದ್ದ. ಅದು ತೀರಾ ಜೋಲು, ಬಾಸ್ಕರದು ತೀರಾ ಪುಟ್ಟದು. ನಡುವಿನದೊಂದನ್ನು 1924ರಲ್ಲಿ ದೊರೆ ಐದನೇ ಜಾರ್ಜ್ ಒಪ್ಪಿದ. ಬಣ್ಣ ಕಪ್ಪು, ಗ್ರೀಸಿನ ಕಲೆ ಕಾಣಬಾರದಲ್ಲ! 1942ರಲ್ಲಿ ಪ್ಯಾರಾಚೂಟ್ ಪಡೆಗೆ ಮರೂನ್ ಬಂತು. ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರದವರ ತಲೆಯ ಮೇಲೆ ಇವತ್ತೂ ಅದೇ ಬಣ್ಣ.

ಫ್ಯಾಷನ್ನಿಗೆ ಕಾರಣ ಸಾಲಲಿಲ್ಲ, ಮುಖ ಬೇಕಿತ್ತು. 1930ರ ದಶಕದಲ್ಲಿ ಸಿನಿಮಾ ನಟಿ ಮಾರ್ಲೀನ್ ಡೀಟ್ರಿಚ್, 1960ರ ಮಾರ್ಚ್ 5ರಂದು ಕ್ಯೂಬಾದ ಫೋಟೋಗ್ರಾಫರ್ ಕೋರ್ಡಾ ತೆಗೆದ ಫೋಟೋದಲ್ಲಿ ಕ್ರಾಂತಿಕಾರಿ ಚೆ ಗೆವಾರಾ. ಟೀಶರ್ಟ್ ಮೇಲೆ ಆ ಬೆರೆಟ್ ನೋಡದವರು ಯಾರು?

2001ರಲ್ಲಿ ಅಮೆರಿಕದ ಭೂಸೇನೆ ಬಹುತೇಕ ಎಲ್ಲರಿಗೂ ಕಪ್ಪು ಬೆರೆಟ್ ತೊಡಿಸಿತು. ನೆತ್ತಿ ಬೆವರುತ್ತೆ, ಕಣ್ಣಿಗೆ ನೆರಳಿಲ್ಲ ಎಂದು ಸೈನಿಕರು ಗೊಣಗಿದರು. 2011ರಲ್ಲಿ ದಿನನಿತ್ಯದ ಸಮವಸ್ತ್ರಕ್ಕೆ ಮುಂಚಾಚಿನ ಟೋಪಿಯೇ ವಾಪಸ್ ಬಂತು. ಅವರ ಕಷ್ಟ ನನಗೆ ಗೊತ್ತು. ಆಗಸ್ಟ್ 15ರ ಪರೇಡಿಗೆ ಮೋಡವಿತ್ತು. ಜನವರಿ 26ರಂದು ಎದುರು ಬಿಸಿಲು. ಇಡೀ ಸಾಲು ಕಣ್ಣು ಕಿರಿದು ಮಾಡಿಕೊಂಡೇ ಸೆಲ್ಯೂಟ್ ಹೊಡೆದಿತ್ತು.